ಬೆನ್ನ ಮೇಲಿನ ವರ್ಷ

ಆ ಮನುಷ್ಯ ಬಾಯಿಂದ ಊದಿದ!

ಅದೂ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು, ಕಾಗದದ ಮೇಲಿನ ಹಸಿ ಮಸಿ ಒಣಗಲೆಂದು, ಕೆನ್ನೆ ಉಬ್ಬಿಸಿ, ಉಫ್... ಎಂದು!

ನಮ್ರತಾ ತಟ್ಟನೆ ಮಗಳ ಮೇಜಿನ ಹತ್ತಿರಕ್ಕೆ ಸರಿದಳು. ಅದು 2020ರ ಡಿಸೆಂಬರ್. ಟೋಕಿಯೋದ ನಿಶಿ ಕಸಾಯಿಯ ಸಮುದಾಯ ಭವನದಲ್ಲಿ ಕುಂಚಬರಹದ ತರಗತಿ ನಡೆಯುವ ಆ ಕೋಣೆಯಲ್ಲಿ ಗಾಳಿಯಾಡಲೆಂದು ಎಲ್ಲ ಕಿಟಕಿಗಳನ್ನೂ ತೆರೆದಿಟ್ಟಿದ್ದರು. ಚಳಿಗೆ ಬೆರಳುಗಳು ಸೆಟೆದುಕೊಂಡಿದ್ದವು. ಬಾಗಿಲಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿದು, ಅಂಗೈಗೆ ಸ್ಯಾನಿಟೈಸರ್ ಸುರಿದು, ಮೇಜಿಗೊಬ್ಬರಂತೆ ಕೂರಿಸಿದ್ದರು. ಇಷ್ಟೆಲ್ಲ ಎಚ್ಚರ ವಹಿಸಿದರೂ ಮಗಳ ಪಕ್ಕದ ಮೇಜಿನಲ್ಲೇ ಒಬ್ಬ ಊದುತ್ತ ಕೂತಿದ್ದಾನೆ!

ನೋಡಿದರೆ ಭಾರತದವನೇ. ಆದರೆ ನಿಶಿ ಕಸಾಯಿಯಲ್ಲಿ ಭಾರತದವರೆಂದರೆ ಹತ್ತು ಭಾಷೆಯವರು. ಇವನಿಗೆ ಕನ್ನಡ ಬರಲಿಕ್ಕಿಲ್ಲ ಎಂಬ ಧೈರ್ಯದಿಂದ ಅವಳು ಮಗಳ ಕಿವಿಯ ಬಳಿ ಬಗ್ಗಿದಳು.

"ಅನೂ, ಈ ಕಡೆ ಸರ್ಕೋ. ನೋಡಲ್ಲಿ ಆ ಪುಣ್ಯಾತ್ಮನ್ನ. ಇಡೀ ಪ್ರಪಂಚ ಉಸಿರು ಬಿಗಿ ಹಿಡ್ಕೊಂಡು ಕೂತಿದ್ರೆ ಇವನಿಗೆ ಊದೋ ಚಪಲ. ಬಲೂನ್ ಅಂದ್ಕೊಂಡಿದಾನೇನೋ!"

ಆ ಮನುಷ್ಯ ನಿಧಾನವಾಗಿ ತಿರುಗಿದ.

"ಕ್ಷಮಿಸಿ ಮೇಡಂ. ನಮ್ಮಮ್ಮ ಬಿಸಿ ಹಾಲು ಊದಿ ಊದಿ ಕೊಟ್ಟು ಕಲಿಸಿದ ಚಾಳಿ. ಮೈಸೂರಿಂದ ಇಲ್ಲೀತನಕ ಹಿಂದೇನೇ ಬಂದಿದೆ."

ಅಯ್ಯೋ ದೇವರೇ... ಕನ್ನಡ!

ಅವನು ಗಡಿಬಿಡಿಯಲ್ಲಿ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡ. ಬೆರಳ ತುಂಬ ಮಸಿ ಇದ್ದುದನ್ನು ಮರೆತಿದ್ದ. ಬಿಳಿ ಮಾಸ್ಕಿನ ಮೇಲೆ ಎರಡೂ ಕಡೆ ದಪ್ಪ ಕಪ್ಪು ಮೀಸೆ ಮೂಡಿತು.

ಅನು ಮೇಜಿಗೆ ತಲೆಯಿಟ್ಟು ನಗತೊಡಗಿದಳು. ನಮ್ರತಾಳ ಕಿವಿಯ ತುದಿ ಬಿಸಿಯಾಯಿತು. ಬೈಗುಳವನ್ನು ಹಿಂದಕ್ಕೆ ನುಂಗುವುದು ಹೇಗೆ?

"ಸುಮಿಮಾಸೆನ್..." ಎಂದು ಮೆಲ್ಲಗೆ ಅಂದಳು.

"ಬೈಯೋದು ಕನ್ನಡದಲ್ಲಿ, ಕ್ಷಮೆ ಕೇಳೋದು ಜಪಾನೀಸ್‌ನಲ್ಲಾ?" ಎಂದ ಅವನು. ಮೀಸೆಯ ಮೇಲಿನ ಕಣ್ಣುಗಳು ನಗುತ್ತಿದ್ದವು.

ಹೆಸರು ಹರಿಹರ. ಶಿನಾಗಾವಾದ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ಮನೆಯಿಂದಲೇ ಕೆಲಸ ಶುರುವಾದ ಮೇಲೆ, ಗೋಡೆ ನೋಡಿ ನೋಡಿ ತಲೆ ಕೆಡಬಾರದೆಂದು ಕುಂಚ ಹಿಡಿದವನು. ಅನು ಬಂದದ್ದು ಶಾಲೆಯ ಹೋಮ್‌ವರ್ಕಿಗಾಗಿ. ಹೊಸ ವರ್ಷದ ಮೊದಲ ದಿನಗಳಲ್ಲಿ ಮಕ್ಕಳು ಕುಂಚದಿಂದ ದೊಡ್ಡದಾಗಿ ಶುಭದ ಮಾತೊಂದನ್ನು ಬರೆದು ಶಾಲೆಗೆ ಒಯ್ಯಬೇಕು. ಅದರಲ್ಲಿ 'ವರ್ಷ' ಎಂಬ ಕಾಂಜಿ, ಚೀನಾದಿಂದ ಬಂದ ಚಿತ್ರಾಕ್ಷರವೊಂದು, ಅನುವಿನ ಕೈಗೆ ಒಗ್ಗುತ್ತಲೇ ಇರಲಿಲ್ಲ. 年. ಮೇಲೆ ಅಡ್ಡಗೆರೆಗಳು, ಕೊನೆಗೊಂದು ಉದ್ದನೆಯ ನೇರ ಗೆರೆ. ಆ ಕೊನೆಯ ಗೆರೆ ಪ್ರತಿಸಲವೂ ಸೊಟ್ಟಗಾಗಿ, ಅಕ್ಷರ ಕುಡಿದವನಂತೆ ವಾಲುತ್ತಿತ್ತು.

"ಮುರಿ!" ಎಂದು ಕುಂಚ ಕೆಳಗಿಟ್ಟಳು ಅನು. ಆಗಲ್ಲ ಎನ್ನಲು ಅವಳಿಗೆ ಮೊದಲು ಬಾಯಿಗೆ ಬರುತ್ತಿದ್ದುದು ಜಪಾನೀಸೇ. "ಈ ಕಾಂಜಿ ಬ್ಯಾಡ್ ಅಂಕಲ್. ಯೂಟ್ಯೂಬ್‌ನಲ್ಲಿ ನೋಡ್ದೆ. ಚೈನಾದಲ್ಲಿ ಇದು ಮಾನ್‌ಸ್ಟರ್ ಹೆಸರು. ಎವ್ರಿ ಇಯರ್ ಬಂದು ಪೀಪಲ್‌ನ ತಿನ್ನುತ್ತೆ. ರೆಡ್ ಕಲರ್ ಕಂಡ್ರೆ ಓಡುತ್ತೆ."

"ಈ ವರ್ಷ ಬಂದಿರೋದು ಅದೇ ಇರ್ಬೇಕು," ಎಂದಳು ನಮ್ರತಾ ನಿಟ್ಟುಸಿರಿಟ್ಟು.

"ಅದು ಆಮೇಲೆ ಜನ ಕಟ್ಟಿದ ಕಥೆ," ಎಂದ ಹರಿಹರ. "ಈ ಅಕ್ಷರ ಪಾಪದ್ದು ಪುಟ್ಟಿ. ಮೊದಲು ಇದಕ್ಕೆ ಬೆಳೆ ಅಂತ ಅರ್ಥ. ಒಂದು ಸಲ ಪೈರು ಕೊಯ್ದು ಮನೆಗೆ ತಂದ್ರೆ ಒಂದು ವರ್ಷ. ಹಳೇ ಜಪಾನೀಸ್‌ನಲ್ಲೂ ಹಾಗೇ ಇತ್ತಂತೆ. 'ತೋಷಿ' ಅಂದ್ರೆ ಧಾನ್ಯನೂ ಹೌದು, ವರ್ಷನೂ ಹೌದು."

"ಏಜ್ ಕೂಡ ತೋಷಿ!" ಎಂದಳು ಅನು. "ಮಮ್ಮಿ ತೋಷಿ ಕೇಳಿದ್ರೆ ಮಾತ್ರ ಕೋಪ ಬರುತ್ತೆ."

"ಅನೂ!"

ಹರಿಹರ ನಗು ತಡೆದುಕೊಂಡು ನಮ್ರತಾಳತ್ತ ನೋಡಿದ. "ನಾವು ವರ್ಷ ಅಂತೀವಲ್ಲ, ಅದು ಮಳೆ. ಅಂದ್ರೆ ನಮ್ಮೋರು ಮಳೆ ಎಣಿಸಿದ್ರು, ಇವರು ಬೆಳೆ ಎಣಿಸಿದ್ರು. ಎರಡೂ ಸೇರಿದ್ರೆ ತಾನೇ ಊಟ?"

ಎಷ್ಟು ದಿನಗಳ ಮೇಲೆ, ಊಟದ ಮಾತಾಡಿದ ಗಂಡಸೊಬ್ಬ 'ಏನು ಅಡುಗೆ ಮಾಡಿದ್ದೀಯ' ಎಂದು ಕೇಳದೆ, ಊಟವೆಂದರೇನು ಎಂದು ಹೇಳಿದ್ದ! ನಮ್ರತಾ ಅಂದು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಕಾರಣವಿಲ್ಲದೆ ಮಗಳ ಕೈ ಹಿಡಿದು ತೂಗುತ್ತಿದ್ದಳು.

ನಮ್ರತಾ ಟೋಕಿಯೋಗೆ ಬಂದದ್ದು ಗಂಡನ ಕೆಲಸದ ದೆಸೆಯಿಂದ. ಮದುವೆ ಮುರಿದ ಮೇಲೆ ಅವನು ಊರಿಗೆ ಮರಳಿದ. ಅವಳು ಮಾತ್ರ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸವೊಂದನ್ನು ಹಿಡಿದು ಇಲ್ಲಿಯೇ ಉಳಿದಿದ್ದಳು. ತಪ್ಪು ಹುಡುಕುವುದೇ ಅವಳ ಉದ್ಯೋಗ. ಅದು ಸ್ವಭಾವಕ್ಕೂ ಅಂಟಿಕೊಂಡಿತ್ತು. ಫೋನ್ ಬಡಿದುಕೊಂಡರೆ ಊರಲ್ಲಿ ಏನೋ ಆಗಿದೆ. ಮಗಳು ಸೀನಿದರೆ ಜ್ವರ ಬರುತ್ತದೆ. ಒಬ್ಬರು ಒಳ್ಳೆಯದಾಗಿ ಮಾತಾಡಿದರೆ ಅದರ ಹಿಂದೆ ಇನ್ನೇನಿದೆಯೋ!

ಹರಿಹರನ ಹಿಂದೆ ಏನೂ ಇರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿದ್ದು. ಶನಿವಾರದ ತರಗತಿ ಮುಗಿದ ಮೇಲೆ ಮೂವರೂ ಅರಾಕಾವಾ ನದಿಯ ದಂಡೆಯಲ್ಲಿ ನಡೆಯುತ್ತಿದ್ದರು. ಇಂಡಿಯನ್ ಅಂಗಡಿಗೆ ಕರಿಬೇವು ಬಂದಾಗ ಅವನು ಅವಳಿಗೂ ಒಂದು ಕಟ್ಟು ತಂದಿಡುತ್ತಿದ್ದ. 'ನಮ್ರತಾ ಅವರೇ' ಎನ್ನುವಾಗ ಹೆಸರಿನ ಮೇಲೆ ಒಂದು ಗಳಿಗೆ ನಿಲ್ಲುತ್ತಿದ್ದ. ಅಷ್ಟೇ...

ಅಷ್ಟರಲ್ಲಿ 2021ರ ಏಪ್ರಿಲ್ ಬಂತು.

ತಿಂಗಳ ಕೊನೆಗೆ ಮಂಡ್ಯದಲ್ಲಿ ನಮ್ರತಾಳ ಅಮ್ಮನಿಗೆ ಜ್ವರ ಹತ್ತಿತು. ಮೇ ಮೊದಲ ವಾರ ಉಸಿರು ಸಾಲದಾಯಿತು. ಅಣ್ಣ ಮುಕುಂದ ಫೋನಿನಲ್ಲಿ ಅಳುತ್ತಿದ್ದ. "ಎಲ್ಲೂ ಬೆಡ್ ಸಿಗ್ತಿಲ್ಲ ಕಣೇ... ಆಂಬುಲೆನ್ಸಲ್ಲೇ ಕೂರಿಸ್ಕೊಂಡು ಸುತ್ತಿಸ್ತಿದೀನಿ..."

ಅವಳು ಹರಿಹರನಿಗೆ ಫೋನ್ ಮಾಡಿದಳು. ಹರಿಹರ ಮೈಸೂರಿನಲ್ಲಿದ್ದ ತನ್ನ ತಮ್ಮ ದಿನೇಶನನ್ನು ಎಬ್ಬಿಸಿ, ಅವನ ಸ್ನೇಹಿತರನ್ನೆಲ್ಲ ಕಾಡಿ, ಕೊನೆಗೂ ಆಕ್ಸಿಜನ್ ಇರುವ ಹಾಸಿಗೆಯೊಂದನ್ನು ಗೊತ್ತುಮಾಡಿದ. ಆಮೇಲೂ ದಿನ ತಪ್ಪದೆ ಕೇಳುತ್ತಿದ್ದ: "ಇವತ್ತು ಅಮ್ಮ ಹೇಗಿದ್ದಾರೆ?"

ಅಮ್ಮ ಉಳಿದಳು. ಮೇ ತಿಂಗಳ ಕೊನೆಗೆ ಮನೆಗೆ ಬಂದು ಗಂಜಿ ಕುಡಿದಳು.

ಆ ವಾರ ಅನುವಿಗೆ ಪಾಠ ಹೇಳಲು ವೀಡಿಯೋ ಕರೆಯಲ್ಲಿ ಕಾಣಿಸಿಕೊಂಡ ಹರಿಹರನನ್ನು ನೋಡಿ ನಮ್ರತಾ ಬಹಳ ದಿನಗಳ ಮೇಲೆ ನಕ್ಕಿದ್ದಳು.

"ಏನ್ರೀ ಇದು, ಮೇ ತಿಂಗಳಲ್ಲಿ ಮಂಕಿ ಕ್ಯಾಪು? ಮನೇಲೇ ಹೇರ್‌ಕಟ್ ಮಾಡ್ಕೊಳೋಕೆ ಹೋಗಿ ಎಡವಟ್ಟಾಯ್ತಾ?"

"ಹ್ಞೂಂ..." ಎಂದಿದ್ದ ಅವನು, ಟೋಪಿಯನ್ನು ಇನ್ನಷ್ಟು ಕೆಳಕ್ಕೆಳೆದುಕೊಂಡು. "ಟ್ರಿಮ್ಮರ್ ಸ್ವಲ್ಪ ಜಾಸ್ತಿ ಓಡ್ಬಿಡ್ತು."

ಅಲ್ಲಿಂದಾಚೆಗೆ ಏನೋ ಬದಲಾಯಿತು.

ಗೌರಿ ಗಣೇಶನ ಹಬ್ಬಕ್ಕೆ ನಮ್ರತಾ ಕಡುಬು ಮಾಡಿ ಕರೆದಳು. ಕಟ್ಟಡದಲ್ಲಿದ್ದ ಎರಡು ಕನ್ನಡದ ಮನೆಯವರೂ ಬರುವವರಿದ್ದರು. "ಬರೋಕಾಗಲ್ಲ ನಮ್ರತಾ ಅವರೇ," ಎಂದ. ಕಾರಣ ಹೇಳಲಿಲ್ಲ. ದೀಪಾವಳಿಗೆ ಕರೆದಾಗ, "ಆಫೀಸ್ ಕೆಲಸ ಇದೆ," ಎಂದ. ಹೋಳಿಗೆ ಡಬ್ಬಿಗೆ ಹಾಕಿ ಅವನ ಮನೆ ಬಾಗಿಲಿಗೇ ಒಯ್ದರೆ, "ಅನುಗೇ ಕೊಡಿ. ನಂಗೆ ಸಿಹಿ ಬೇಡ," ಎಂದು ಕೈ ಹಿಂದಕ್ಕೆ ಕಟ್ಟಿಕೊಂಡ.

ಆದರೆ ಮಾಮೂಲಿ ದಿನಗಳಲ್ಲಿ ಅದೇ ಹರಿಹರ! ಅನುವಿಗೆ ಹೊಸ ಕುಂಚ ತರುವವನು, ದಂಡೆಯಲ್ಲಿ ಜೊತೆಗೆ ನಡೆಯುವವನು. ನಾಲ್ಕು ಜನ ಸೇರುವ ದಿನ ಮಾತ್ರ ತಪ್ಪಿಸಿಕೊಳ್ಳುವವನು.

ಯಾಕೆ?

ಉತ್ತರ ಕೊಟ್ಟವಳು ಮೇಲಿನ ಮಹಡಿಯ ಸಾವಿತ್ರಿ. ಒಳ್ಳೆಯವಳೇ. ಆದರೆ ಅವಳ ಒಳ್ಳೆಯತನ ಹತ್ತಿಯಲ್ಲಿ ಸುತ್ತಿದ ಬ್ಲೇಡಿನಂತೆ.

"ಕೆಟ್ಟದ್ದಕ್ಕೆ ಹೇಳ್ತಿಲ್ಲ ಕಣೇ ನಮ್ರತಾ. ಅವರಿಗಿನ್ನೂ ಮದುವೆಯಾಗಿಲ್ಲ. ಡೈವೋರ್ಸ್ ಆದವಳ ಮನೇಲಿ ಹಬ್ಬದ ದಿನ ಎಲೆ ಮುಂದೆ ಕೂತ್ರೆ, ನಾಳೆ ಊರಿಗೆ ಸುದ್ದಿ ಹೋಗುತ್ತೆ ಅಂತ ಅವರಿಗೂ ಇರುತ್ತಲ್ವಾ? ಪಾರ್ಕಲ್ಲಿ ಜೊತೆಗೆ ಓಡಾಡೋದು ಬೇರೆ, ಮನೆಗೆ ಬರೋದು ಬೇರೆ."

ಸಾವಿತ್ರಿ ಹೋದ ಮೇಲೆ ನಮ್ರತಾ ತೊಳೆದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಳು.

*ಹೌದಲ್ಲ... ನಾನು ದಂಡೆಯ ಮೇಲಿನ ಸ್ನೇಹ. ಹಬ್ಬಕ್ಕೆ ಆಗಿಬರದವಳು.*

ಅದೇ ಹೊತ್ತಿಗೆ ಆಫೀಸಿನಿಂದ ಇನ್ನೊಂದು ಪ್ರಶ್ನೆ ಬಂತು. ಅವಳ ತಂಡವನ್ನು ಬೆಂಗಳೂರಿಗೆ ಸಾಗಿಸುತ್ತಿದ್ದಾರೆ. ಹೋಗುತ್ತಾಳೋ, ಇಲ್ಲಿಯೇ ಬೇರೆ ತಂಡ ಸೇರುತ್ತಾಳೋ, ಸಂಕ್ರಾಂತಿ ಕಳೆದ ಸೋಮವಾರ ಹೇಳಬೇಕು. ಗಡಿಗಳಿನ್ನೂ ಬಿಗಿಯಾಗಿದ್ದ ಕಾಲ. ಒಮ್ಮೆ ಹೋದರೆ ಮತ್ತೆ ಬರುವುದು ಕನಸಿನ ಮಾತು. ಮುಕುಂದ ದಿನವೂ ಕೇಳುತ್ತಿದ್ದ: "ಬಂದ್ಬಿಡು. ಅಲ್ಲಿ ಯಾರಿದ್ದಾರೆ ನಿಂಗೆ?"

ಯಾರಿದ್ದಾರೆ?

ಅದನ್ನು ತಿಳಿಯಲೆಂದೇ ಡಿಸೆಂಬರಿನಲ್ಲಿ ಅವಳು ಒಂದು ಧೈರ್ಯ ಮಾಡಿದಳು. ಇಲ್ಲಿ ಎಲ್ಲರೂ ಹೊಸ ವರ್ಷಕ್ಕೆ ಅಂಚೆಯಲ್ಲಿ ಶುಭಾಶಯದ ಕಾರ್ಡ್ ಕಳಿಸುತ್ತಾರೆ. ಜನವರಿ ಒಂದರ ಬೆಳಿಗ್ಗೆಯೇ ಅವು ಮನೆಮನೆಗೂ ತಲುಪುತ್ತವೆ. ಬರಲಿರುವುದು ಇಲ್ಲಿಯವರಿಗೆ ಹುಲಿಯ ವರ್ಷವೆಂದು ಅನು ಹರಿ ಅಂಕಲ್‌ಗಾಗಿ ಒಂದು ಹುಲಿ ಬಿಡಿಸಿ, ಪಕ್ಕದಲ್ಲಿ 年 ಎಂದು ದಪ್ಪನಾಗಿ ಬರೆದಳು. ಈ ಸಲ ಕೊನೆಯ ಗೆರೆ ನೆಟ್ಟಗಿತ್ತು! ಅದರ ಕೆಳಗೆ ನಮ್ರತಾ ಸಣ್ಣ ಅಕ್ಷರದಲ್ಲಿ ಸೇರಿಸಿದಳು: 'ಹೊಸ ವರ್ಷದ ಮೊದಲ ಊಟ ನಮ್ಮ ಮನೆಯಲ್ಲಿ. ನಾನೂ ಅನುವೂ ಕಾಯುತ್ತೇವೆ.'

ಒಂದನೇ ತಾರೀಖು ಅವಳು ಪಾಯಸ ಮಾಡಿ ಕಾದಳು. ಅವನು ಬರಲಿಲ್ಲ. ಅಂಚೆ ಪೆಟ್ಟಿಗೆಯಲ್ಲಿ ಅವನ ಕಾರ್ಡೂ ಇರಲಿಲ್ಲ. ಸಂಜೆ ಮೊಬೈಲಿಗೆ ಒಂದೇ ಸಾಲು ಬಂತು: 'ಅನು ತುಂಬಾ ಚೆನ್ನಾಗಿ ಬರೆದಿದ್ದಾಳೆ. ಊಟಕ್ಕೆ ಬರಲಾಗದು, ಕ್ಷಮಿಸಿ.'

ಪಾಯಸ ಸಿಂಕಿಗೆ ಹೋಯಿತು. ಸೋಮವಾರದ ಉತ್ತರ ಏನೆಂದು ಅವಳ ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿತ್ತು.

ವರ್ಷದ ಮೊದಲ ತರಗತಿಗೆ ಹರಿಹರ ಬಂದಿರಲಿಲ್ಲ. ಒಮಿಕ್ರಾನ್ ಏರುತ್ತಿದ್ದ ವಾರ. ಬಂದವರೇ ಕಡಿಮೆ. ಗುರುಗಳಾದ ಮಿನೆಗಿಶಿ ಸಾನ್, ಎಪ್ಪತ್ತು ದಾಟಿದ ಸಣಕಲು ದೇಹದ ಹೆಂಗಸು, ಅನುವಿನ ಬರಹವನ್ನು ಎತ್ತಿ ಹಿಡಿದು ನೋಡಿ ಮೆಚ್ಚಿದರು. ಆಮೇಲೆ ಖಾಲಿ ಹಾಳೆಯೊಂದನ್ನು ಎಳೆದುಕೊಂಡು ಅದೇ ಅಕ್ಷರದ ಮೂಲ ರೂಪವನ್ನು ಬರೆದು ತೋರಿಸಿದರು.

ಅದು ಅಕ್ಷರದಂತಿರಲಿಲ್ಲ, ಚಿತ್ರದಂತಿತ್ತು. ಮೇಲೆ ಬಾಗಿದ ತೆನೆ. ಅದರ ಕೆಳಗೆ, ತೆನೆಯ ಭಾರಕ್ಕೆ ಬಗ್ಗಿದ ಒಬ್ಬ ಮನುಷ್ಯ.

"ಮಮ್ಮಿ, ನೋಡು! ಪರ್ಸನ್ ಬೆನ್ ಮೇಲೆ ರೈಸ್ ಇಟ್ಕೊಂಡು ಹೋಗ್ತಿದಾನೆ. ಇಯರ್‌ನ ಫಸ್ಟ್ ಕಾಂಜಿ ಇದೇ ಅಂತೆ," ಎಂದು ಅನು ಸಂಭ್ರಮದಿಂದ ಕನ್ನಡಕ್ಕೆ ತಂದಳು. ಗುರುಗಳು ಇನ್ನೂ ಏನೋ ಹೇಳುತ್ತಿದ್ದರು. ಅನು ಕೇಳುತ್ತ ಕೇಳುತ್ತ ನಿಧಾನಿಸಿದಳು. ಮುಖ ಬಾಡಿತು.

"ಏನಂತೆ?"

"ಸೆನ್ಸೇ ಹೇಳ್ತಿದ್ದಾರೆ... ಆಟಮ್‌ನಲ್ಲಿ ಹರಿ ಅಂಕಲ್ ಇದನ್ನೇ ಬರೀತಿದ್ರಂತೆ. ಓನ್ಲೀ ಇದು. ಕೆಳಗಿರೋ ಪರ್ಸನ್‌ನ ಇನ್ನೂ ಬಗ್ಗಿಸಿ, ಬಗ್ಗಿಸಿ. ಸೆನ್ಸೇ ಯಾಕೆ ಅಂತ ಕೇಳಿಲ್ಲ. ಬಿಕಾಸ್ ಅಂಕಲ್ ಮೋಚೂ ಅಲ್ವಾ..."

"ಮೋಚೂ ಅಂದ್ರೆ?"

"ಯಾರಾದ್ರೂ ಡೈ ಆದ್ರೆ ಮಮ್ಮಿ. ಆ ಮನೆಯವ್ರು ಹ್ಯಾಪಿ ನ್ಯೂ ಇಯರ್ ಹೇಳಬಾರದು, ಬೇರೆಯವ್ರೂ ಅವ್ರಿಗೆ ಕಾರ್ಡ್ ಕಳಿಸಬಾರದು. ಅದಕ್ಕೆ ಮುಂಚೆನೇ ಗ್ರೇ ಕಾರ್ಡ್ ಹಾಕಿ ಎಲ್ಲರಿಗೂ ಹೇಳ್ತಾರೆ." ಅನುವಿನ ದನಿ ಸಣ್ಣದಾಯಿತು. "ಹರಿ ಅಂಕಲ್ ಅಮ್ಮ ಡೈ ಆಗಿದ್ದಾರಂತೆ. ಮೇ ಮಂತಲ್ಲಿ. ಸೆನ್ಸೇಗೂ ಕಾರ್ಡ್ ಬಂದಿದೆ, ಬಾಗಿಲಲ್ಲಿ ಟೆಂಪರೇಚರ್ ನೋಡೋ ಒಬಾಸಾನ್ ಅಜ್ಜಿಗೂ ಬಂದಿದೆ. ನಮ್ಗೆ ಯಾಕೆ ಬಂದಿಲ್ಲ?"

ನಮ್ರತಾಳ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು.

ಮೇ ತಿಂಗಳು. ಮಂಕಿ ಕ್ಯಾಪು... ಅದು ಹೇರ್‌ಕಟ್ ಅಲ್ಲ! ತಾಯಿ ಸತ್ತ ಮಗ ತಲೆ ಬೋಳಿಸಿಕೊಂಡಿದ್ದ. ತಾನು ನಕ್ಕಿದ್ದಳು.

ಕಡುಬು, ಹೋಳಿಗೆ, ದೀಪಾವಳಿ. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬವಿಲ್ಲ. ಇದು ಜಪಾನಿನವರ ಪದ್ಧತಿ ಮಾತ್ರವಲ್ಲ. ಮಂಡ್ಯದಲ್ಲಿ ಹುಟ್ಟಿ ಬೆಳೆದ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಹೊಳೆಯಲಿಲ್ಲ! ತನ್ನ ಗಾಯವನ್ನು ನೋಡಿಕೊಳ್ಳುತ್ತ ಕೂತಿದ್ದವಳಿಗೆ ಅವನ ಬೋಳುತಲೆ ಕಾಣಲಿಲ್ಲ.

ಮರುಗಳಿಗೆಯೇ ಅದಕ್ಕಿಂತ ಚೂಪಾದ ನೋವೊಂದು ಎದ್ದಿತು. ಎಲ್ಲರಿಗೂ ಹೇಳಿದ್ದಾನೆ. ತನಗೊಬ್ಬಳಿಗೆ ಹೇಳಿಲ್ಲ.

ಮಾರನೆಯ ದಿನ ಮಧ್ಯಾಹ್ನ ದಂಡೆಯ ಮೇಲೆ ಅವನನ್ನು ಕಂಡಾಗ ಅವಳು ನಮಸ್ಕಾರವನ್ನೂ ಹೇಳಲಿಲ್ಲ.

"ಅಮ್ಮ ಯಾವತ್ತು ಹೋದ್ರು?"

ಹರಿಹರ ನಿಂತ. ನದಿಯಿಂದ ಬರುವ ಗಾಳಿಗೆ ಅವನ ಜಾಕೆಟ್ ಪಟಪಟನೆ ಬಡಿದುಕೊಳ್ಳುತ್ತಿತ್ತು.

"ಸೆನ್ಸೇ ಹೇಳಿದ್ರಾ?"

"ಊರಿಗೆಲ್ಲ ಗೊತ್ತು! ಬಾಗಿಲಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿಯೋ ಅಜ್ಜಿಗೂ ಕಾರ್ಡ್ ಹೋಗಿದೆ. ನಾನು ಪಾಯಸ ಮಾಡ್ಕೊಂಡು ಕೂತಿದ್ದೆ... ಹೇಳಿ, ಯಾವತ್ತು?"

"ನಿಮ್ಮಮ್ಮನಿಗೆ ಬೆಡ್ ಸಿಕ್ತಲ್ಲ... ಅದರ ಮಾರನೇ ದಿನ."

"ಆ ಬೆಡ್... ಹರಿಹರ, ಆ ಬೆಡ್ ನಿಮ್ಮಮ್ಮನಿಗೆ..."

"ನೋಡಿ! ಇದಕ್ಕೇ!" ಅವನ ದನಿ ಮೊದಲ ಬಾರಿಗೆ ಏರಿತು. "ಇದೊಂದಕ್ಕೇ ಹೇಳ್ಲಿಲ್ಲ. ನೀವು ಮೊದಲು ಇದನ್ನೇ ಯೋಚಿಸ್ತೀರ ಅಂತ ಗೊತ್ತಿತ್ತು. ಅಮ್ಮ ಬೇರೆ ಆಸ್ಪತ್ರೇಲಿದ್ರು. ಅವರಿಗೆ ಬೆಡ್ಡೂ ಇತ್ತು, ಆಕ್ಸಿಜನ್ನೂ ಇತ್ತು. ಆದ್ರೂ ಉಳೀಲಿಲ್ಲ. ಯಾರೂ ಯಾರದ್ದನ್ನೂ ಕಿತ್ಕೊಂಡಿಲ್ಲ ನಮ್ರತಾ."

ಹೆಸರಿನ ಹಿಂದೆ 'ಅವರೇ' ಇರಲಿಲ್ಲ. ಇಬ್ಬರೂ ಗಮನಿಸಿದರು.

"ದಿನೇಶ ಫೋನ್ ಹಿಡಿದು ಎಲ್ಲ ತೋರಿಸ್ದ," ಎಂದ ಅವನು. "ನಾನಿಲ್ಲಿ ಕೂತು ಸ್ಕ್ರೀನಿಗೆ ಕೈ ಮುಗಿದೆ. ಹೋಗೋಕೆ ದಾರಿ ಇರ್ಲಿಲ್ಲ. ಹಿಂದಿನ ದಿನ ಅಮ್ಮ ವೀಡಿಯೋದಲ್ಲಿ ಮಾತಾಡಿದ್ರು. ಮಾಸ್ಕ್ ಒಳಗಿಂದ ಸರಿಯಾಗಿ ಕೇಳಿಸ್ತಾನೂ ಇರ್ಲಿಲ್ಲ. ಏನು ಕೇಳಿದ್ರು ಗೊತ್ತಾ? ನಿನ್ನ ಟೋಕಿಯೋ ಹುಡುಗಿ ತಾಯಿಗೆ ಬೆಡ್ ಸಿಕ್ತೇನೋ ಅಂತ."

"ನಿನ್ನ... ಟೋಕಿಯೋ ಹುಡುಗಿ?"

"ನಾನು ಹಾಗೇನೂ ಹೇಳಿರ್ಲಿಲ್ಲ. ಅವರೇ ಇಟ್ಕೊಂಡಿದ್ದು." ಅವನು ನೀರಿನತ್ತ ನೋಡಿದ. "ಆಮೇಲೆ ನಿಮ್ಮಮ್ಮ ಹುಷಾರಾದ್ರು. ನೀವು ನಕ್ರಿ. ಆ ನಗುವಿನ ಎದುರಿಗೆ ಹೇಗೆ ಹೇಳ್ಲಿ? ಮೂರು ತಿಂಗಳು ಸುಮ್ನಿದ್ದೋನು ನಾಲ್ಕನೇ ತಿಂಗಳು ಏನಂತ ಬಾಯಿ ಬಿಡ್ಲಿ? ಬೇರೆ ಕನ್ನಡದವರಿಗೆ ಹೇಳಿದ್ರೆ ಸಾಯಂಕಾಲದೊಳಗೆ ನಿಮ್ಮ ಮನೆ ತಲುಪೋದು."

"ಆ ಕಾರ್ಡ್? ಅದನ್ನಾದ್ರೂ ಕಳಿಸ್ಬಹುದಿತ್ತಲ್ಲ?"

"ನಿಮ್ಮ ಹೆಸರು ಬರೆಯೋಕೆ ಕೂತೆ. ಕೈ ಏಳಲಿಲ್ಲ. ಅದು ಹೊರಗಿನವರಿಗೆ ಕಳಿಸೋ ಕಾರ್ಡ್. ಮನೆಯವರಿಗೆ ಯಾರಾದ್ರೂ ಕಳಿಸ್ತಾರಾ?"

ಗಾಳಿ ಒಮ್ಮೆಲೇ ನಿಂತಂತಾಯಿತು. ಅವಳ ಕಣ್ಣು ತುಂಬಿತು. ಆದರೆ ಅವಳು ಕರಗಿಬಿಡಲಿಲ್ಲ.

"ನೀವು ನನ್ನನ್ನ ಮನೆಯವಳು ಅಂದ್ಕೊಂಡಿದ್ದು ನಂಗೊಬ್ಬಳಿಗೇ ಗೊತ್ತಿಲ್ವಲ್ರೀ! ನಾನು ಏನಂದ್ಕೊಂಡೆ ಗೊತ್ತಾ? ಡೈವೋರ್ಸ್ ಆದವಳ ಮನೆ, ಹಬ್ಬದ ದಿನ ಕಾಲಿಡೋಕೆ ನಾಚಿಕೆ ನಿಮಗೆ ಅಂತ. ಎರಡು ತಿಂಗಳು ಅದನ್ನೇ ನಂಬ್ಕೊಂಡು ಬದುಕಿದೀನಿ."

"ಛೆ! ನಮ್ರತಾ..."

"ನಾನು ಹೆದರುಪುಕ್ಕಿ ನಿಜ. ಸೀನಿದ್ರೂ ಹೆದರ್ತೀನಿ. ಆದ್ರೆ ಹೆದರೋರೆಲ್ಲ ಗಾಜಿನ ಲೋಟ ಅಲ್ಲ ಹರಿಹರ. ನಮ್ಮಮ್ಮನ ಭಾರ ನೀವು ಹೊತ್ರಿ. ನಿಮ್ಮಮ್ಮನ ಭಾರ ಹೊರೋಕೆ ನನ್ನೂ ಒಂದು ಮಾತು ಕೇಳಬೇಕಿತ್ತು."

ಅವನ ಮಾಸ್ಕಿನ ಮೇಲಿನ ಕಣ್ಣುಗಳು ಕೆಂಪಾಗಿದ್ದವು.

"ಸಂಕ್ರಾಂತಿ ಕಳೆದ ಸೋಮವಾರ ಆಫೀಸಿಗೆ ಹೇಳಬೇಕು. ಬೆಂಗಳೂರಿಗೆ ಹೋಗ್ತೀನೋ, ಇಲ್ವೋ ಅಂತ," ಎಂದಳು. "ಹೋದ್ರೆ ವಾಪಸ್ ಬರೋ ಹಾಗಿಲ್ಲ."

ಹರಿಹರ ಒಂದು ಹೆಜ್ಜೆ ಹತ್ತಿರಕ್ಕೆ ಬಂದು ನಿಂತ.

"ಹೋಗ್ಬೇಡಿ ಅನ್ನೋ ಆಸೆ ಇದೆ," ಎಂದ. "ಆದ್ರೆ ವರ್ಷ ತುಂಬೋ ತನಕ ಶುಭದ ಮಾತು ನಾನು ಎತ್ತೋ ಹಾಗಿಲ್ಲ. ಅಮ್ಮನಿಗೆ ಬೇರೇನೂ ಮಾಡೋಕಾಗ್ಲಿಲ್ಲ, ಇದೊಂದಾದ್ರೂ ಸರಿಯಾಗಿ ಮಾಡ್ತೀನಿ ಅಂತ ಇದೀನಿ. ಒಂದು ಮಾತೂ ಕೊಡದೆ ನಿಮ್ಮನ್ನ ಕಾಯಿರಿ ಅಂತ ಹೇಗೆ ಕೇಳ್ಲಿ?"

ಅವಳು ತಿರುಗಿ ನಡೆದಳು. ಅವನು ತಡೆಯಲಿಲ್ಲ.

ಆ ವಾರ ಹೇಗೆ ಕಳೆಯಿತೋ! *ಇದ್ದು ಏನು ಮಾಡಲಿ? ಮಾತೇ ಕೊಡಲಾರದ ಮನುಷ್ಯ...* ಎನ್ನುತ್ತಿತ್ತು ಮನಸ್ಸಿನ ಒಂದು ಬದಿ. ಇನ್ನೊಂದು ಬದಿಯಲ್ಲಿ ಮಿನೆಗಿಶಿ ಸಾನ್ ಬರೆದ ಆ ಬಗ್ಗಿದ ಮನುಷ್ಯ ನಡೆಯುತ್ತಲೇ ಇದ್ದ. ಒಬ್ಬನೇ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವವಳು ಆ ಚಿತ್ರದಲ್ಲೂ ಒಂದು ತಪ್ಪು ಕಂಡಳು. ಅಷ್ಟು ದೊಡ್ಡ ಹೊರೆಗೆ ಒಂದೇ ಬೆನ್ನು ಯಾಕೆ?

ಸಂಕ್ರಾಂತಿಯ ಹಿಂದಿನ ದಿನ ಅವನ ಮೊಬೈಲಿಗೆ ಸಂದೇಶ ಹೋಯಿತು: 'ನಾಳೆ ಮಧ್ಯಾಹ್ನ ಊಟಕ್ಕೆ ಬನ್ನಿ. ಹಬ್ಬದ ಊಟ ಅಲ್ಲ.'

ಹರಿಹರ ಬಾಗಿಲಲ್ಲಿ ಹಿಂಜರಿಯುತ್ತ ನಿಂತ. ಹೊಸ್ತಿಲಲ್ಲಿ ರಂಗೋಲಿ ಇರಲಿಲ್ಲ. ಅನು ಮಾಮೂಲಿ ಸ್ವೆಟರಿನಲ್ಲಿದ್ದಳು.

"ಎಳ್ಳು ಬೆಲ್ಲ ಇಲ್ವಾ ಪುಟ್ಟಿ?" ಎಂದು ಮೆಲ್ಲಗೆ ಕೇಳಿದ.

"ಈ ಇಯರ್ ಇಲ್ಲ ಅಂತೆ," ಎಂದಳು ಅನು. "ನಾವೂ ಮೋಚೂ."

ಅವನು ನಿಂತಲ್ಲೇ ನಿಂತ. ನಮ್ರತಾ ಅಡುಗೆಮನೆಯಿಂದ ಹೊರಗೆ ಬಂದವಳು ಅವನ ಮುಖ ನೋಡಲಿಲ್ಲ. "ಕೂತ್ಕೊಳ್ಳಿ. ಅನ್ನ, ಸಾರು, ಹಪ್ಪಳ. ಅಷ್ಟೇ."

ಅನ್ನ ಬಡಿಸುತ್ತಿದ್ದಂತೆ ಬೆಲ್ ಆಯಿತು. ಬಾಗಿಲಾಚೆ ರೇಷ್ಮೆ ಸೀರೆಯ ಸಾವಿತ್ರಿ. ಕೈಯಲ್ಲಿ ಎಳ್ಳು ಬೆಲ್ಲದ ತಟ್ಟೆ, ಅದರ ಮೇಲೊಂದು ತುಂಡು ಕಬ್ಬು.

"ತಗೋಳೇ! ಕಬ್ಬಿಗೆ ಎಷ್ಟು ಒದ್ದಾಡ್ದೆ ಗೊತ್ತಾ?" ಎಂದವಳ ದೃಷ್ಟಿ ನಮ್ರತಾಳ ಭುಜದಾಚೆಗೆ ಹರಿಯಿತು. ತಟ್ಟೆಯ ಮುಂದೆ ಕೂತಿದ್ದ ಹರಿಹರನನ್ನು ಕಂಡು ಹುಬ್ಬು ಮೇಲೇರಿತು. "ಓಹೋ... ಇವರು ಬಂದಿದ್ದಾರಾ? ಅಂತೂ ಹಬ್ಬಕ್ಕೆ ಬಂದ್ರಲ್ಲ!"

ಇನ್ನು ಅರ್ಧ ಗಂಟೆಯಲ್ಲಿ ಈ ಮಾತು ನಿಶಿ ಕಸಾಯಿಯ ಎಲ್ಲ ಕನ್ನಡದ ಮನೆಗಳಿಗೂ ಹೋಗುತ್ತದೆ. ನಾಳೆ ಮಂಡ್ಯಕ್ಕೆ. ಇಷ್ಟು ವರ್ಷ ಪ್ರತಿ ಮಾತನ್ನೂ ಅಳೆದು ತೂಗಿ ಆಡಿದ ನಮ್ರತಾ, ಈಗಲೂ ಅಳೆದು ತೂಗಿಯೇ ಆಡಿದಳು.

"ನಮ್ಮನೇಲಿ ಈ ವರ್ಷ ಹಬ್ಬ ಇಲ್ಲ ಸಾವಿತ್ರಿ. ಎಳ್ಳು ತಗೊಳ್ಳೋ ಹಾಗಿಲ್ಲ."

"ಅಯ್ಯೋ! ಯಾಕೇ? ಏನಾಯ್ತು?"

"ನಮ್ಮತ್ತೆ ಹೋಗ್ಬಿಟ್ರು. ಮೇ ತಿಂಗಳಲ್ಲಿ."

ಸಾವಿತ್ರಿಯ ಬಾಯಿ ತೆರೆದೇ ಉಳಿಯಿತು. ಅವಳು ಒಮ್ಮೆ ನಮ್ರತಾಳನ್ನು, ಒಮ್ಮೆ ಹರಿಹರನನ್ನು ನೋಡಿದಳು. ನಿಧಾನವಾಗಿ ಅರ್ಥವಾಯಿತು. ತಟ್ಟೆಯನ್ನು ಸೆರಗಿನಿಂದ ಮುಚ್ಚಿಕೊಂಡಳು.

"ನಂಗೆ... ಗೊತ್ತಿರ್ಲಿಲ್ಲ ಕಣೇ," ಎಂದಳು. ಆ ದನಿಯಲ್ಲಿ ಈ ಸಲ ಬ್ಲೇಡ್ ಇರಲಿಲ್ಲ. "ಸಾಯಂಕಾಲ ಬಂದು ಮಾತಾಡಿಸ್ಕೊಂಡು ಹೋಗ್ತೀನಿ."

ಬಾಗಿಲು ಮುಚ್ಚಿಕೊಂಡಿತು. ನಮ್ರತಾ ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ನಮ್ರತಾ..." ಹರಿಹರನ ದನಿ ಒಡೆದಿತ್ತು. "ಈಗ ಏನಂದ್ರಿ?"

"ಕೇಳಿಸ್ತಲ್ಲ."

"ನಾನಿನ್ನೂ ಏನೂ ಕೇಳೇ ಇಲ್ಲ ನಿಮ್ಮನ್ನ..."

"ಕೇಳ್ಬೇಡಿ. ವರ್ಷ ತುಂಬೋ ತನಕ ನೀವು ಶುಭದ ಮಾತು ಆಡೋ ಹಾಗಿಲ್ವಲ್ಲ. ನಾನೂ ಆಡ್ಲಿಲ್ಲ. ದುಃಖದ ಮಾತೇ ಆಡ್ದೆ."

"ಸೋಮವಾರ?"

"ಹೋಗಲ್ಲ ಅಂತ ಹೇಳ್ತೀನಿ. ಸಾವಾದ ಮನೇಲಿ ಒಬ್ಬರನ್ನೇ ಬಿಟ್ಟು ಹೋಗ್ತಾರೇನ್ರೀ ಯಾರಾದ್ರೂ? ಅನ್ನ ಆರುತ್ತೆ, ಊಟ ಮಾಡಿ."

ಅವನು ತಲೆ ತಗ್ಗಿಸಿ ಅನ್ನ ಕಲಸಿದ. ಒಂದು ತುತ್ತು ಬಾಯಿಗಿಟ್ಟ. ಅಗಿಯುವುದು ನಿಂತಿತು.

"ಚೆನ್ನಾಗಿಲ್ವಾ?" ನಮ್ರತಾಳ ಹಳೆಯ ಆತಂಕ ಹೊರಗೆ ಇಣುಕಿತು.

"ಚೆನ್ನಾಗಿದೆ. ಆದ್ರೆ ಅಮ್ಮ ಇದ್ದಿದ್ರೆ... ಹುಳಿ ಒಂಚೂರು ಜಾಸ್ತಿ ಆಯ್ತು ಅಂತಿದ್ರು."

"ಅನ್ನಲೇಬೇಕು ಬಿಡಿ. ಅತ್ತೆ ಅಲ್ವಾ?"

ಹರಿಹರ ನಕ್ಕ. ನಗುತ್ತ ನಗುತ್ತಲೇ ಅವನ ಹೆಗಲು ಕುಸಿಯಿತು. ಎಂಟು ತಿಂಗಳಿಂದ ತಡೆದಿಟ್ಟದ್ದೆಲ್ಲ ತಟ್ಟೆಯ ಮುಂದೆಯೇ ಬಿಕ್ಕಿ ಬಿಕ್ಕಿ ಹೊರಗೆ ಬಂತು. ಅನು ಏನೂ ಕೇಳದೆ ಟಿಶ್ಯೂ ಡಬ್ಬಿಯನ್ನು ಅವನ ಕಡೆಗೆ ತಳ್ಳಿದಳು. ನಮ್ರತಾ ಬಂದು ಅವನ ಪಕ್ಕದಲ್ಲಿ ಕೂತು, ಎಡಗೈಯನ್ನು ಅವನ ಬೆನ್ನ ಮೇಲೆ ಇಟ್ಟಳು.

"ಹೇಳಿ," ಎಂದಳು ಮೆಲ್ಲಗೆ. "ಇನ್ನೂ ಏನೇನು ಅಂತಿದ್ರು ಅವರು?"

"ತುಂಬಾ ಇದೆ... ಒಂದು ದಿನಕ್ಕೆ ಮುಗಿಯಲ್ಲ."

"ಮುಗೀದೇ ಇರ್ಲಿ. ನಾನೆಲ್ಲಿಗೂ ಹೋಗ್ತಿಲ್ಲ."